ಸಿಂಗಪುರಕ್ಕೆ ನಾಲ್ಕು ದಾರಿ

ಸಿಂಗಪುರದಿಂದ ದೊಡ್ಡಮ್ಮ ಕಳಿಸುತ್ತಿದ್ದ ಬಾಮಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನಾನು ಅಲ್ಲಿ ನಿಲ್ಲಲಾರೆ. ಹೋದ ವಾರ ಐರ್ಲೆಂಡಿನ ಕಾರ್ಕ್‌ನ ಬಸ್ಸಿನಲ್ಲಿ ಪಕ್ಕದ ಹೆಂಗಸು ಅಂಥದೇ ಬಾಮನ್ನು ಹಣೆಗೆ ಹಚ್ಚಿಕೊಂಡಳು; ನಾನು ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ. ಬೇರೆಯವರ ಮನೆಯಲ್ಲಿ ಬಾಮು ನೆಗಡಿಗೆ, ತಲೆನೋವಿಗೆ. ನಾನು ಬೆಳೆದ ಗಾಲ್ವೇ ಊರಿನ ಬಾಡಿಗೆ ಮನೆಯಲ್ಲಿ ಅದು ಅಮ್ಮನ ಬೆನ್ನಿಗೆ, ಭುಜಕ್ಕೆ, ಅಪ್ಪನ ಬೆಲ್ಟು ಬಿದ್ದ ಕಡೆಗೆಲ್ಲ. ಹಚ್ಚುವ ಕೆಲಸ ಒಂಬತ್ತು ವರ್ಷದ ನನ್ನದು. ಅಪ್ಪ ಮೂಳೆ ಡಾಕ್ಟರು. ರೋಗಿಗಳ ಪಾಲಿಗೆ ದೇವರಂಥ ಮನುಷ್ಯ, ಕ್ರಿಸ್‌ಮಸ್ಸಿಗೆ ಮನೆತುಂಬ ಅವರು ಕೊಟ್ಟ ಚಾಕಲೇಟ್ ಡಬ್ಬಿಗಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದನ್ನು ನಾನು ಗಾದೆಯಾಗಿ ಕಲಿಯಲಿಲ್ಲ, ಕಣ್ಣಾರೆ ನೋಡಿ ಕಲಿತೆ.

ಬಾಮು ತಿಕ್ಕುವಾಗ ಅಮ್ಮ ಅಳುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಭೂಪಟ ನೋಡುತ್ತಾ, "ಇವತ್ತು ಯಾವ್ ದಾರೀಲಿ ಹೋಗೋಣ ಪುಟ್ಟಿ?" ಎನ್ನುತ್ತಿದ್ದಳು. ಹೋಗುವ ಊರು ಯಾವಾಗಲೂ ಒಂದೇ, ಅವಳ ಅಕ್ಕನಿರುವ ಸಿಂಗಪುರ. ಒಂದು ದಾರಿ ಹಡಗಿನದು. ಅವಳ ತಾತನ ಕಾಲದವರು ಮದ್ರಾಸಿನಲ್ಲಿ ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಾ ಹೋದದ್ದು. ಇನ್ನೊಂದು ರೈಲಿನದು, ಬ್ಯಾಂಕಾಕಿನಿಂದ ರಬ್ಬರ್ ತೋಟಗಳ ನಡುವೆ ಮಲೇಷ್ಯಾ ದಾಟುವುದು. ನನಗೆ ಪ್ರೀತಿ ಮೂರನೆಯದು. ಮಲೇಷ್ಯಾದ ತುದಿಯಲ್ಲಿ ಸಮುದ್ರದ ಮೇಲೆ ರಸ್ತೆಯಿದೆಯಂತೆ, ಬಸ್ಸಿನಲ್ಲೇ ಇನ್ನೊಂದು ದೇಶಕ್ಕೆ ಹೋಗಿಬಿಡಬಹುದಂತೆ. ಆ ಸಂಜೆಗಳಲ್ಲಿ ಒಗ್ಗರಣೆಯ ಘಮವೂ ಅಮ್ಮನ ನಗುವೂ ಇದ್ದವು ಎಂದರೆ ನೀವು ನಂಬಬೇಕು. ಆ ಮನೆಯನ್ನು ನಾನು ಪ್ರೀತಿಸಿದ್ದೆ.

ಒಂದು ದಿನ ಅಮ್ಮ ನಾಲ್ಕನೆಯ ದಾರಿ ಹೇಳಿದಳು. ಈ ಶನಿವಾರ ಬೆಳಿಗ್ಗೆಯ ಬಸ್ಸಿಗೆ ಡಬ್ಲಿನ್ ಏರ್‌ಪೋರ್ಟು, ಅಲ್ಲಿಂದ ದುಬೈ, ಆಮೇಲೆ ಸಿಂಗಪುರ. ದೊಡ್ಡಮ್ಮ ಟಿಕೆಟ್ ತೆಗೆಸಿದ್ದಳು. ಪಾಸ್‌ಪೋರ್ಟುಗಳು ರಾಗಿಹಿಟ್ಟಿನ ಡಬ್ಬಿಯಲ್ಲಿದ್ದವು. "ಇದು ಆಟ ಅಲ್ಲ ಪುಟ್ಟಿ. ಯಾರ್ಗೂ ಹೇಳ್ಬಾರ್ದು," ಎಂದು ನನ್ನ ಗಲ್ಲ ಹಿಡಿದು ಹೇಳಿದಳು.

ಶುಕ್ರವಾರ ಸಂಜೆ ಅಪ್ಪ ನಗುತ್ತಾ ಬಂದ. ಅವನ ಕಾರು ನಿಂತ ಸದ್ದಿಗೇ ಉಸಿರು ಬಿಗಿಹಿಡಿಯುತ್ತಿದ್ದ ನಮಗೆ ಅದೇ ಹಬ್ಬ. ಎಷ್ಟೋ ತಿಂಗಳ ಮೇಲೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಮ್ಮ ಏನೇನ್ ಹೇಳ್ಕೊಡ್ತಾಳೆ ನಿಂಗೆ?" ಎಂದು ಕೇಳಿದ. ಆ ನಗು ಆರಬಾರದೆಂದು ಹಡಗಿನ ದಾರಿ ಒಪ್ಪಿಸಿದೆ. ನಕ್ಕ. ರೈಲು ಹೇಳಿದೆ, ಬಸ್ಸು ಹೇಳಿದೆ. ತಲೆ ಸವರಿ, "ಇನ್ನೂ ಇದ್ಯಾ?" ಎಂದ. ನಾಲ್ಕನೆಯದನ್ನೂ ಹೇಳಿದೆ. ಡಬ್ಬಿಯನ್ನೂ ಹೇಳಿದೆ.

ನನ್ನನ್ನು ಮೆಲ್ಲಗೆ ಕೆಳಗಿಳಿಸಿ ಅಡುಗೆಮನೆಗೆ ಹೋದ. ಡಬ್ಬಿಯನ್ನು ಅಮ್ಮನ ತಲೆಯ ಮೇಲೆ ಬೋರಲು ಹಾಕಿ, ಜುಟ್ಟು ಹಿಡಿದು, ಕಪಾಟಿನ ಬಾಗಿಲಿಗೆ ಅವಳ ಮುಖವನ್ನು ಎರಡು ಸಲ ಬಡಿದ. ರಾಗಿಹಿಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಅಷ್ಟಾದರೂ ಅಮ್ಮ ನೆಲದಲ್ಲಿ ಬಿದ್ದಿದ್ದ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಆ ಕೈಯನ್ನೇ ಹಿಡಿದೆಳೆದು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಕಬ್ಬು ಮುರಿದಂಥ ಸದ್ದು. ಆಮೇಲೆ ಕಾರಿನಿಂದ ತನ್ನ ಬ್ಯಾಗು ತಂದ. ಆಸ್ಪತ್ರೆಗೆ ಹೋದರೆ ಹೇಗಾಯಿತೆಂದು ಕೇಳುವವರಿರುತ್ತಾರಲ್ಲ! ಮುರಿದವನೇ ಊಟದ ಮೇಜಿನ ಮೇಲೆ ಮೂಳೆ ಕೂಡಿಸಿದ. "ಅಲ್ಲಾಡ್ಬೇಡ, ಸ್ವಲ್ಪ ನೋವಾಗತ್ತೆ," ಎಂದ, ರೋಗಿಗಳೊಂದಿಗೆ ಆಡುವ ಆ ಮೆತ್ತನೆಯ ದನಿಯಲ್ಲಿ. ಬ್ಯಾಂಡೇಜಿನ ತುದಿ ಹಿಡಿದು ನಿಂತವಳು ನಾನು. ಕಟ್ಟಿ ಮುಗಿಸಿ, ಬ್ಯಾಂಡೇಜು ಕತ್ತರಿಸಿದ ಕತ್ತರಿಯಲ್ಲೇ ಎರಡೂ ಪಾಸ್‌ಪೋರ್ಟುಗಳನ್ನು ಚೂರು ಮಾಡಿದ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಫೋನು ಬಂತು. ಅಪ್ಪ ಅದನ್ನು ನನ್ನ ಕಿವಿಗೆ ಹಿಡಿದು ಪಕ್ಕದಲ್ಲೇ ನಿಂತ. "ಪುಟ್ಟಿ, ಫ್ಲೈಟ್ ಬಂದು ಒಂದ್ ಗಂಟೆ ಆಯ್ತು, ಎಲ್ರೂ ಆಚೆ ಬಂದ್ರು. ನೀವೆಲ್ಲಿದೀರ? ಅಮ್ಮ ಎಲ್ಲಿ?"

"ಅಮ್ಮ ಗ್ರ್ಯಾಂಡ್ ದೊಡ್ಡಮ್ಮ," ಎಂದೆ, ಚೆನ್ನಾಗಿದ್ದೇವೆ ಎನ್ನಲು ಗಾಲ್ವೇಯಲ್ಲಿ ಎಲ್ಲರೂ ಆಡುವ ಮಾತಿನಲ್ಲಿ. "ವಿ ಆರ್ ಗ್ರ್ಯಾಂಡ್."

ಆಮೇಲೆ ಅಮ್ಮ ಏಳು ವರ್ಷ ಬದುಕಿದ್ದಳು, ಅದೇ ಮನೆಯಲ್ಲಿ, ಕಾಯಿಲೆ ಬಂದು ಕರೆದುಕೊಂಡು ಹೋಗುವ ತನಕ. ಯಾವ ದಾರಿಯ ಮಾತನ್ನೂ ಮತ್ತೆ ಎತ್ತಲಿಲ್ಲ. ಒಂದೇ ಒಂದು ಸಲ ನನ್ನನ್ನು ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಸೊಟ್ಟಗೆ ಕೂಡಿದ ಆ ಕೈಯಲ್ಲೇ ದಿನಾ ಬೆಳಿಗ್ಗೆ ನನ್ನ ಜಡೆ ಹೆಣೆದು ಸ್ಕೂಲಿಗೆ ಕಳಿಸಿದಳು.