ಬಲಮೂಲೆಯ ನೇರಳೆ ಕಲೆ

ಟಿವಿಯ ಬಲಮೂಲೆಯಲ್ಲಿ ಒಂದು ನೇರಳೆ ಕಲೆ ಇತ್ತು. ಅದು ನಿನಗೂ ಕಾಣಿಸುತ್ತದೆಯೇ ಎಂದು ಅಣ್ಣ ನನ್ನನ್ನು ಕೇಳಿದ. ಕಾಣಿಸುತ್ತಿತ್ತು. ಬದನೆಕಾಯಿಯಷ್ಟು ದೊಡ್ಡದಾಗಿ, ಬದನೆಕಾಯಿಯದೇ ಬಣ್ಣದಲ್ಲಿ ಕಾಣಿಸುತ್ತಿತ್ತು. ಹೌದು ಎಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ. ಮದುವೆ, ಮುಂಜಿವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಟ್ಟು, ಊರೆಲ್ಲ ಕೇಳುವ ಹಾಗೆ ಮೈಕಿನಲ್ಲಿ ಕೂಗಿ ಬದುಕುವವನು ನಾನು. ಒಡಹುಟ್ಟಿದವನ ಕಿವಿಗೆ ಆ ಒಂದು ಹೌದು ಮಾತ್ರ ಅಂದು ಹೊರಡಲಿಲ್ಲ.

ಅಣ್ಣನ ಅಂಗಡಿ ಖಾನಾಪುರದಲ್ಲಿದೆ. ಮಿಕ್ಸರು, ಫ್ಯಾನುಗಳ ರಿಪೇರಿ ಅವನ ಹೊಟ್ಟೆಗೆ. ಬೆನ್ನ ಹಿಂದೆ ಡೊಳ್ಳು ಬಿಟ್ಟುಕೊಂಡ ಹಳೆಯ ಕಲರ್ ಟಿವಿಗಳ ರಿಪೇರಿ ಅವನ ಜೀವಕ್ಕೆ. ಈ ಟಿವಿಗಳನ್ನು ಜನ ಗುಜರಿಗೆ ಹಾಕಿ, ಗೋಡೆಗೆ ತೂಗುವ ಚಪ್ಪಟೆ ಟಿವಿ ತಂದಿದ್ದರು. ಈಗ ಅದೇ ಜನರ ಮಕ್ಕಳು ಅವನ್ನೇ ಹುಡುಕಿಕೊಂಡು ಬರುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲಿ ಕಾಫಿ ಅಂಗಡಿ ಇಟ್ಟ ಒಬ್ಬ ತರುಣ ಹಾಗೆಯೇ ಬಂದ. ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರ ಅಟ್ಟದಲ್ಲಿ ಸಿಕ್ಕ ಟಿವಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅಕ್ಕಪಕ್ಕ ದಿಂಬು ಒತ್ತಿ, ಬಾಣಂತಿಯನ್ನು ಕರೆತರುವ ಹಾಗೆ ತಂದಿದ್ದ.

"ಕಾಕಾ, ನಮ್ಮಲ್ಲಿ ಬರೋ ಮಂದಿಗೆ ಹಳೇ ಕಾಲದ ಫೀಲ್ ಬರಬೇಕ್ರಿ," ಎಂದ.

"ಹಳೇ ಕಾಲದಾಗ ನಾವು ಇದರ ನೆತ್ತಿಗೆ ಬಡದು ಬಡದು ನೋಡ್ತಿದ್ವಿ. ಬಡ್ಯಾಕ ಒಬ್ಬಾಂವನ್ನ ಬಾಜು ನಿಂದರಸ್ರಿ, ಪೂರಾ ಫೀಲ್ ಬರ್ತೈತಿ," ಎಂದ ಅಣ್ಣ.

ಮುಚ್ಚಳ ಬಿಚ್ಚಿದರೆ ಒಳಗೆ ಬೆಲ್ಲದ ವಾಸನೆಗೆ ಬಂದು ಸಂಸಾರ ಹೂಡಿದ ಇರುವೆಗಳ ಗೂಡು. ಅಣ್ಣ ಅದನ್ನೆಲ್ಲ ಕುಂಚದಿಂದ ಗುಡಿಸಿ, ಉಬ್ಬಿ ಹೋದ ಬಿಡಿಭಾಗಗಳನ್ನು ಬದಲಿಸಿ, ಚಿತ್ರ ಬರುವ ಹಾಗೆ ಮಾಡಿದ. ಬಣ್ಣ ಕೂಡಿಸುವುದರಲ್ಲಿ ಅವನದೇ ಒಂದು ಪದ್ಧತಿ. ತನ್ನ ಮದುವೆಯ ವಿಡಿಯೋ ಕ್ಯಾಸೆಟ್ ಹಾಕುತ್ತಾನೆ. ವೈನಿ, ಅಂದರೆ ನನ್ನ ಅತ್ತಿಗೆ, ಮದುವೆಯಲ್ಲಿ ಉಟ್ಟ ಸೀರೆಯನ್ನು ಟ್ರಂಕಿನಿಂದ ತಂದು ಟಿವಿಯ ಪಕ್ಕ ಹಗ್ಗಕ್ಕೆ ಹಾಕುತ್ತಾನೆ. ಪರದೆಯ ಸೀರೆಯೂ ಹಗ್ಗದ ಸೀರೆಯೂ ಒಂದೇ ಬಣ್ಣಕ್ಕೆ ಬರುವವರೆಗೆ ತಿರುಪು ಬಿಡುವುದಿಲ್ಲ. ಕ್ಯಾಸೆಟ್ಟಿನ ಬಣ್ಣವೇ ಮಾಸಿರಬಹುದಲ್ಲ ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ.

"ಸೀರೀನೂ ಮಾಸೇತಿ. ಬರೋಬ್ಬರಿ ಆತಲ್ಲ?" ಎಂದಿದ್ದ.

ಕೊನೆಗೆ ಫೋಟೋ. ಅದು ನನ್ನ ಪಾಲಿನ ಕೆಲಸ, ಯಾಕೆಂದರೆ ದೊಡ್ಡ ಮೊಬೈಲು ಇದ್ದದ್ದು ನನ್ನ ಹತ್ತಿರ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನಿಗೆ ಫೋಟೋಗ್ರಾಫರ್ ಎಂಬ ಬಿರುದು ಇಷ್ಟು ಸುಲಭಕ್ಕೆ ಸಿಕ್ಕಿತು. ಹಳೆಯ ಟಿವಿಯ ಚಿತ್ರ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಫ್ಲ್ಯಾಶ್ ಹಾಕಿದರೆ ಗಾಜಿನಲ್ಲಿ ನನ್ನದೇ ಮೋರೆ. ಹಾಕದಿದ್ದರೆ ಚಿತ್ರದ ನಡುವೆ ಕರಿಪಟ್ಟಿ. ಟಿವಿಯು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುತ್ತದೆ, ಬರೆದು ಮುಗಿಸುವ ಮೊದಲೇ ನಿನ್ನ ಮೊಬೈಲು ಕಣ್ಣು ಮುಚ್ಚುತ್ತದೆ ಎಂದು ಅಣ್ಣ ತಿಳಿಸಿಕೊಟ್ಟ. ಅದಕ್ಕೇ ಮೊಬೈಲಿನ ಕಣ್ಣು ತುಸು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿ, ಅಲುಗದಂತೆ ಖಾರದ ಡಬ್ಬಿಗೆ ಆನಿಸಿ, ಬೆಳಕು ಬೀಳದ ಹಾಗೆ ನಾನೂ ಟಿವಿಯೂ ಒಂದೇ ಕೌದಿ ಹೊದ್ದು ಕೂರುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ ಆ ಅವಸ್ಥೆಯಲ್ಲಿ ನನ್ನನ್ನು ನೋಡಿದ ಗಿರಾಕಿಗಳು ಥಂಡಿಜ್ವರವೇನು ಎಂದು ವಿಚಾರಿಸುತ್ತಿದ್ದರು. ಹೀಗೆ ಬೆವರಿಳಿಸಿ ತೆಗೆದ ಫೋಟೋವನ್ನು ಹಳೆ ಟಿವಿ ಪ್ರೇಮಿಗಳ ಮೊಬೈಲ್ ಗುಂಪಿಗೆ ಹಾಕಿದರೆ, ಅಲ್ಲಿಯ ಮಹಾಶಯರು ಬೆಂಕಿಯ ಚಿತ್ರ ಕಳಿಸುತ್ತಾರೆ. ಟಿವಿ ರಿಪೇರಿಯವನಿಗೆ ಬೆಂಕಿ ತೋರಿಸುವುದು ಹೊಗಳಿಕೆ ಎಂದು ಅರ್ಥವಾಗಲು ಅಣ್ಣನಿಗೆ ಬಹಳ ದಿನ ಹಿಡಿಯಿತು.

ನನ್ನ ಮನೆ ಇರುವುದು ಪೀರನವಾಡಿಯಲ್ಲಿ. ಅಲ್ಲಿ ನನ್ನ ಸ್ಪೀಕರ್ ಡಬ್ಬಿಗಳನ್ನು ಇಡುತ್ತಿದ್ದ ಜಾಗದಲ್ಲಿ ಮಾಲಕರು ಮನೆ ಕಟ್ಟಲು ಶುರುಮಾಡಿದರು. ಡಬ್ಬಿಗಳನ್ನು ಅಣ್ಣನ ಅಂಗಡಿಯ ಹಿಂದಿನ ಕೋಣೆಗೆ ತಂದೆ. ಅಂಗಡಿಗೂ ಆ ಕೋಣೆಗೂ ನಡುವೆ ಪ್ಲೈವುಡ್ಡಿನ ಗೋಡೆ. ಕೋಣೆಗೆ ಹಿತ್ತಲಿನಿಂದ ಬೇರೆ ಬಾಗಿಲು, ಕೀಲಿ ನನ್ನ ಹತ್ತಿರ.

"ಹಿತ್ತಲ ಗ್ವಾಡಿಗಿ ಹಚ್ಚಿ ಇಡು. ಪ್ಲೈವುಡ್ ಕಡೆ ಮಾತ್ರ ತರಬ್ಯಾಡ. ಸ್ಪೀಕರದಾಗಿನ ಮ್ಯಾಗ್ನೆಟ್ ಟಿವಿ ಬಣ್ಣ ತಿಂತೈತಿ," ಎಂದು ಅಣ್ಣ ಬಿಡಿಸಿ ಹೇಳಿದ್ದ.

ಒಂದೊಂದು ಡಬ್ಬಿಯೂ ಎಮ್ಮೆಯ ತೂಕ. ಹಿತ್ತಲ ಗೋಡೆಗೆ ಗೋಧಿ ಚೀಲಗಳಿದ್ದವು, ಅವನ್ನು ಸರಿಸಬೇಕಿತ್ತು. ನಾನು ಚೀಲ ಸರಿಸಲಿಲ್ಲ. ಡಬ್ಬಿಗಳನ್ನು ಪ್ಲೈವುಡ್ಡಿಗೇ ಒರಗಿಸಿ, ಕೀಲಿ ಹಾಕಿ, ಚಹಾ ಕುಡಿಯಲು ಹೋದೆ. ಆ ಪ್ಲೈವುಡ್ಡಿನ ಆಚೆ ಬದಿಗೆ ಸರಿಯಾಗಿ ಟಿವಿಯ ಬಲಮೂಲೆ.

ಕಲೆ ಎದ್ದಾಗ ಅಣ್ಣ ಮೊದಲು ಕೇಳಿದ್ದು, "ಡಬ್ಬಿ ಎಲ್ಲಿಟ್ಟೀಲೇ?"

"ನೀ ಹೇಳಿದಲ್ಲೇ, ಅಣ್ಣಾ."

ಅವನು ಎದ್ದು ಹೋಗಿ ನೋಡಲಿಲ್ಲ. ತಮ್ಮನ ಮಾತನ್ನು ಮೀಟರು ಹಚ್ಚಿ ಪರೀಕ್ಷಿಸಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. ತಂತಿ ಸುತ್ತಿದ ದೊಡ್ಡ ಬಳೆಯೊಂದಿದೆ. ಕರೆಂಟು ಕೊಟ್ಟು ಪರದೆಯ ಮುಂದೆ ತಿರುಗಿಸಿದರೆ ಇಂಥ ಕಲೆ ಅಳಿಯುತ್ತದೆ. ಅದನ್ನು ಹಿಡಿದು ಟಿವಿಗೆ ಆರತಿ ಎತ್ತಿದ. ಕಲೆ ಹೋಯಿತು. ನಾನು ಡಬ್ಬಿಗಳನ್ನು ಒಂದು ಮದುವೆಗೆ ಒಯ್ದೆ. ಮ್ಯಾಗ್ನೆಟ್ ಪಕ್ಕದಲ್ಲಿದ್ದಾಗ ಸರಿಮಾಡಿದ ಬಣ್ಣ ಅದು ದೂರ ಹೋದೊಡನೆ ತಪ್ಪಿ, ಕಲೆ ಹಸಿರಾಗಿ ಮರಳಿ ಬಂತು. ಅವನು ಮತ್ತೆ ಆರತಿ ಎತ್ತಿ ಅಳಿಸಿದ. ನಾನು ಡಬ್ಬಿಗಳನ್ನು ಮರಳಿ ತಂದೆ. ನೇರಳೆಯೂ ಮರಳಿ ಬಂತು. ನನ್ನ ಧಂದೆ ಚೆನ್ನಾಗಿ ನಡೆದಷ್ಟೂ ಅವನ ಟಿವಿ ಬಣ್ಣ ಬದಲಿಸುತ್ತಿತ್ತು. ಕಾರಣ ನನಗೆ ಮೊದಲ ದಿನವೇ ಗೊತ್ತಿತ್ತು. ಹೇಳಿದರೆ ಬೈಸಿಕೊಳ್ಳಬೇಕು, ಮೇಲೆ ಗೋಧಿ ಚೀಲಗಳನ್ನೂ ಸರಿಸಬೇಕು.

ಕಲೆ ಬೀಳುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ ಬಲಕ್ಕೆ ನಿಂತಿದ್ದ ನಮ್ಮ ಸೋದರತ್ತೆಯ ಮುಖದ ಮೇಲೆ. ಚಹಾ ತಂದ ವೈನಿಗೆ ಅಣ್ಣ ಕೇಳಿದ, "ಅತ್ತಿ ಮುಖ ಹೆಂಗ ಕಾಣ್ತೈತಿ ನೋಡು?"

"ಹಂಗ ಐತಲ್ರೀ ಅವರ ಮುಖ. ನನ್ನ ನೋಡಿದ ದಿನದಿಂದ ಹಂಗ ಐತಿ," ಎಂದು ವೈನಿ ಕಪ್ಪುಬಸಿ ಇಟ್ಟು ನಗುತ್ತ ಹೋದಳು.

ಅವಳು ಅತ್ತೆಯ ಮೇಲಿನ ಹಳೆಯ ಸೇಡು ತೀರಿಸಿಕೊಂಡದ್ದು. ಅಣ್ಣ ಅದನ್ನು ನಂಬಿದ. ಅವಳಿಗೆ ಕಲೆ ಕಾಣುತ್ತಿಲ್ಲ ಎಂದುಕೊಂಡ. ಆಗಲೇ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು: "ತಮ್ಮಾ, ಖರೇ ಹೇಳು. ಆ ಮೂಲ್ಯಾಗ ನೇರಳಿ ಕಲಿ ನಿನಗ ಕಾಣಸ್ತೈತೇನು?"

"ಏನೂ ಇಲ್ಲಲ್ಲ ಅಣ್ಣಾ."

ಅಷ್ಟಕ್ಕೆ ನಿಲ್ಲಿಸಲಿಲ್ಲ ನಾನು. ಕೌದಿ ಹೊದ್ದು ಫೋಟೋ ತೆಗೆದೆ. ಅದರಲ್ಲಿಯೂ ಕಲೆ ಬಂತು. ಮೊಬೈಲಿನಲ್ಲಿ ಬೇಡವಾದದ್ದನ್ನು ಬೆರಳಿನಿಂದ ಉಜ್ಜಿ ಅಳಿಸುವ ಅನುಕೂಲವಿದೆ. ಕೌದಿಯೊಳಗೇ ಕೂತು ಉಜ್ಜಿದೆ. ಅತ್ತೆಯ ಮುಖ ಬೆಳ್ಳಗಾಯಿತು. ಹೊರಬಂದು ತೋರಿಸಿದೆ. ಅಣ್ಣ ಒಮ್ಮೆ ಮೊಬೈಲು ನೋಡಿದ, ಒಮ್ಮೆ ಟಿವಿ ನೋಡಿದ, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು ಮತ್ತೆ ನೋಡಿದ. "ನನ್ನ ಕಣ್ಣಿಂದು ಮನ್ಯಾಗ ಹೇಳಬ್ಯಾಡ," ಎಂದ.

ರವಿವಾರ ಪೇಟೆಗೆ ಸಾಮಾನು ತರಲು ಎಂದು ವೈನಿಗೆ ಹೇಳಿ, ನನ್ನ ಗಾಡಿಯ ಮೇಲೆ ಬೆಳಗಾವಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಚುಕ್ಕೆಗಳಲ್ಲಿ ಅಡಗಿದ ಅಂಕಿಗಳನ್ನೆಲ್ಲ ಅಣ್ಣ ಓದಿದ. ಕಣ್ಣು ಚೆನ್ನಾಗಿವೆ ಎಂದರು. ಹೊರಗೆ ಬಂದ ಅಣ್ಣನಿಗೆ ಸಮಾಧಾನವಾಗಲಿಲ್ಲ.

"ಪುಸ್ತಕದಾಗಿನ ಬಣ್ಣ ತಿಳೀತಾವು, ಟಿವಿದಾಗಿಂದು ತಿಳ್ಯಾಂಗಿಲ್ಲ. ಇದು ಎಂಥಾ ರೋಗಲೇ?"

ಗಾಡಿಗೆ ಕಿಕ್ ಹೊಡೆಯುತ್ತ ನಾನು, "ವಯಸ್ಸಾತಲ್ಲ ಅಣ್ಣಾ," ಎಂದೆ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕೈಗೆ ಹೊಡೆಯಬೇಕೆನಿಸುತ್ತದೆ. ಆಡಿದ್ದು ಬಾಯಿ, ಅದು ಬೇರೆ ಮಾತು.

ಟಿಳಕವಾಡಿಯ ತರುಣ ಟಿವಿ ಒಯ್ಯಲು ಬಂದ ದಿನ ಅಂಗಡಿಯಲ್ಲಿ ಕ್ಯಾಸೆಟ್ ಓಡುತ್ತಿತ್ತು. ನಾನು ಕಳಿಸಿದ್ದ ಫೋಟೋವನ್ನು ಅವನು ಆಗಲೇ ಊರಿಗೆಲ್ಲ ಹಂಚಿದ್ದ. ಟಿವಿ ಎದುರಿಗೇ ಓಡುತ್ತಿದ್ದರೂ, ಅದಕ್ಕೆ ಬೆನ್ನು ಮಾಡಿ ನಿಂತು, ಮೊಬೈಲಿನಲ್ಲಿ ಅದರ ಫೋಟೋ ನೋಡುತ್ತ, "ಏನ್ ಕಲರ್ ಕಾಕಾ! ಏನ್ ಕಲರ್!" ಎನ್ನುತ್ತಿದ್ದ.

"ಒಯ್ರಿ, ಆದ್ರ ಬಣ್ಣ ಬ್ಯಾರೆ ಯಾರಿಗಾರ ತೋರಸ್ರಿ," ಎಂದ ಅಣ್ಣ. "ನನ್ನ ಕಣ್ಣು ಹೋದುವು. ಇನ್ನ ಮ್ಯಾಲ ಕಲರ್ ಟಿವಿ ಮುಟ್ಟಂಗಿಲ್ಲ. ಮಿಕ್ಸರ್ ಸಾಕು. ಅದಕ್ಕ ಬಣ್ಣ ನೋಡಬೇಕಾಗಿಲ್ಲ."

ಚಹಾ ತಂದಿದ್ದ ವೈನಿ ತಟ್ಟೆ ಹಿಡಿದು ಅಲ್ಲೇ ನಿಂತಳು. "ಏನಂದ್ರಿ? ಕಣ್ಣಿಗೇನಾಗೇತಿ?"

ಅಣ್ಣ ಹಗ್ಗದ ಮೇಲಿನ ಸೀರೆ ತೆಗೆದು ಮಡಚತೊಡಗಿದ. ಸೆರಗಿನ ಅಂಚಿಗೆ ಅಂಚು ಕೂಡಿಸಿ, ಮತ್ತೆ ಬಿಚ್ಚಿ, ಮತ್ತೆ ಕೂಡಿಸಿದ. ಅಂಚು ಕೂಡಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಕಣ್ಣಿದ್ದವನು ಹಾಗೆ ಮುಟ್ಟಿ ನೋಡುವುದನ್ನು ಕಂಡು ನನಗೆ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಓಡಿದೆ, ಬಾಗಿಲು ತೆಗೆದೆ, ಪ್ಲೈವುಡ್ಡಿಗೆ ಒರಗಿದ್ದ ಡಬ್ಬಿಯೊಂದನ್ನು ಎಳೆದುಕೊಂಡು ಅಂಗಡಿಯೊಳಗೆ ಬಂದೆ. ಸೊಂಟ ಉಳುಕಿತು, ಉಳುಕಲಿ. ಟಿವಿಯ ಎದುರಿಗೆ ಡಬ್ಬಿ ಸರಿದಂತೆ ಕಲೆಯೂ ಅತ್ತೆಯ ಮುಖ ಬಿಟ್ಟು ವೈನಿಯ ಮುಖಕ್ಕೆ, ಅಲ್ಲಿಂದ ಅಣ್ಣನ ಬಾಸಿಂಗಕ್ಕೆ ಸರಿಯಿತು. ಗಿರಾಕಿ ಮೊದಲ ಸಲ ಮೊಬೈಲು ಬಿಟ್ಟು ಟಿವಿ ನೋಡಿದ.

ಅಣ್ಣ ಸೀರೆ ಹಿಡಿದುಕೊಂಡೇ ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು.

"ಅಣ್ಣಾ, ನಿನ್ನ ಕಣ್ಣಿಗೆ ಏನೂ ಆಗಿಲ್ಲ," ಎಂದೆ. "ಡಬ್ಬಿ ಪ್ಲೈವುಡ್ಡಿಗೇ ಇಟ್ಟಿದ್ದೆ. ಕಲಿ ನನಗೂ ಕಾಣಸ್ತಿತ್ತು, ಮೊದಲಿನ ದಿನದಿಂದ ಕಾಣಸ್ತಿತ್ತು. ಫೋಟೋದಾಗಿಂದು ನಾನ ಅಳಿಸಿದೆ. ಡಾಕ್ಟರ ದವಾಖಾನಿ ಮುಂದ ವಯಸ್ಸಾತು ಅಂದೆ, ಅದೂ ಸುಳ್ಳ. ನನ್ನಿಂದ ದೊಡ್ಡ ತಪ್ಪಾತು, ಅಣ್ಣಾ. ನನ್ನ ಕ್ಷಮಾ ಮಾಡು."