ಪುಟ್ಟಗೌರಮ್ಮನ ಹಾರುಗೂದಲು

ಪುಟ್ಟಗೌರಮ್ಮನಿಗೆ ಟೈಫಾಯ್ಡ್ ಬಂದು ನಂಜನಗೂಡಿನ ಆಸ್ಪತ್ರೆಯಲ್ಲಿ ಮಲಗಿ, ಕಳಲೆಯ ಮನೆಗೆ ಮರಳಿದಾಗ ಜೀವ ಉಳಿದಿತ್ತು, ಜಡೆ ಉಳಿಯಲಿಲ್ಲ. ಸೊಂಟ ದಾಟುತ್ತಿದ್ದ ಕೂದಲು ಬಾಚಿದಾಗಲೆಲ್ಲ ಹಿಡಿ ಹಿಡಿಯಾಗಿ ಕಿತ್ತು ಬರುತ್ತಿತ್ತು. ಕೊನೆಗೆ ಅವಳ ಅವ್ವ ಮಂಗಳಮ್ಮ ಕಣ್ಣೊರೆಸಿಕೊಂಡು, ಉಳಿದದ್ದನ್ನು ತಾವೇ ಕತ್ತರಿಸಿದರು.

ಮತ್ತೆ ಬೆಳೆದ ಕೂದಲು ಬೇರೆಯದೇ ಆಗಿತ್ತು. ಬೂರುಗದ ಹತ್ತಿಯಷ್ಟು ಹಗುರ. ಮಳೆಗಾಲದಲ್ಲಿ ಹೇಗೋ ಹೇಳಿದ ಮಾತು ಕೇಳುತ್ತಿತ್ತು. ಶಿವರಾತ್ರಿ ಹತ್ತಿರ ಬಂದು ಗಾಳಿ ಒಣಗಿತೆಂದರೆ, ಪ್ಲಾಸ್ಟಿಕ್ ಬಾಚಣಿಗೆ ಸೋಕಿದ ಕೂಡಲೇ ಚಟಪಟ ಸದ್ದು ಮಾಡಿಕೊಂಡು ಎದ್ದು ನಿಲ್ಲುತ್ತಿತ್ತು. ಬಾಚಣಿಗೆ ಎತ್ತಿದರೆ ಅದರ ಹಿಂದೆಯೇ ಹೋಗುವುದು, ಕೈಯಲ್ಲಿ ಒತ್ತಿದರೆ ಕೆನ್ನೆಗೆ ಅಂಟುವುದು. ಗೌರಿಗೆ ಅದು ತಮಾಷೆ. ಕನ್ನಡಿಯ ಮುಂದೆ ನಿಂತು ನಗುತ್ತಿದ್ದಳು. ಮಂಗಳಮ್ಮನಿಗೆ ಮಾತ್ರ ಚಿಂತೆ. ಮದುವೆಗೆ ಬಂದ ಹುಡುಗಿಯ ತಲೆ ಹೀಗಿದ್ದರೆ ಯಾರು ಒಪ್ಪುತ್ತಾರೆ? ಹರಳೆಣ್ಣೆ ಸುರಿದು, ಕೂದಲನ್ನು ನೆತ್ತಿಗೆ ಅಂಟಿಸಿ, ಅದಕ್ಕೊಂದು ಉದ್ದನೆಯ ಚೌರಿ ಕಟ್ಟಿ ಜಡೆ ಹೆಣೆಯುತ್ತಿದ್ದರು. ಆ ಎಣ್ಣೆತಲೆಯಲ್ಲೇ ಗೌರಿ ನಂಜನಗೂಡಿನ ಹೊಲಿಗೆ ಕ್ಲಾಸಿಗೆ ಹೋಗಿ ಬರುವಷ್ಟರಲ್ಲಿ ರಸ್ತೆಯ ಧೂಳೆಲ್ಲ ತಲೆಯ ಮೇಲಿರುತ್ತಿತ್ತು.

ಒಮ್ಮೆ ನೋಡಲು ಬಂದಿದ್ದವರಲ್ಲಿ ಒಬ್ಬಾಕೆ ಜಡೆ ಎಳೆದು ನೋಡಿ, ಚೌರಿಯೆಂದು ತಿಳಿದು, ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋಗಿದ್ದರು. ಅಂದು ಗೌರಿ ಕನ್ನಡಿಯ ಕಡೆ ಹೋಗಲಿಲ್ಲ.

ತೊಂಬತ್ತನಾಲ್ಕರಲ್ಲಿ, ಶಿವರಾತ್ರಿಗೆ ಮುಂಚೆ, ತಿ. ನರಸೀಪುರದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಗಂಗಾಧರಸ್ವಾಮಿ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಚಿಕ್ಕಂದಿನಲ್ಲೇ ತಾಯಿತಂದೆ ತೀರಿಕೊಂಡು, ದೊಡ್ಡಮ್ಮ ಮರಿತಾಯಮ್ಮನ ಕೈಯಲ್ಲಿ ಬೆಳೆದವನು. ಆಕೆ ಬಲು ಜೋರು, ಆಕೆ ಹ್ಞೂಂ ಅಂದರೆ ಮಾತ್ರ ಕೆಲಸ ಆದಂತೆ ಎಂದು ಸಂಬಂಧ ತಂದವರು ಮೊದಲೇ ಹೇಳಿದ್ದರು.

ಅವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ ಗೌರಿ ಹಟ ಹಿಡಿದಳು. ಹಣೆಯ ಮೇಲೆ ಎಣ್ಣೆ ಇಳಿಸಿಕೊಂಡು ಬಂದವರ ಎದುರು ಕೂರುವುದಿಲ್ಲವೆಂದು ಶಾಂಪೂ ಪೊಟ್ಟಣ ಹರಿದು ತಲೆಗೆ ಸ್ನಾನ ಮಾಡಿಬಿಟ್ಟಳು. ಮೇಲೆ ನೈಲಾನ್ ಸೀರೆ. ಬಾಚಲು ಕೂತರೆ ತಲೆಯೆಲ್ಲ ದಂಗೆಯೆದ್ದ ಹಾಗಾಯಿತು. ಚೌರಿ ಕಟ್ಟಿದ ಕಡೆಯೆಲ್ಲ ಜಾರಿತು. ಮಂಗಳಮ್ಮ ಮನೆಯಲ್ಲಿದ್ದ ಪಿನ್ನುಗಳನ್ನೆಲ್ಲ ಚುಚ್ಚಿ, ದೇವರಿಗೊಂದು ಕೈ ಮುಗಿಯುವ ಹೊತ್ತಿಗೆ ಬಂದವರು ಬಾಗಿಲಲ್ಲೇ ಇದ್ದರು.

ನಡುಮನೆಯಲ್ಲಿ ಹೊಸ ಪ್ಲಾಸ್ಟಿಕ್ ಚಾಪೆ ಹಾಸಿತ್ತು. ಗೌರಿ ಸ್ಟೀಲ್ ತಟ್ಟೆಯಲ್ಲಿ ಕಾಫಿ ಲೋಟಗಳನ್ನಿಟ್ಟುಕೊಂಡು, ಕಾಲೆಳೆಯುತ್ತ ಆ ಚಾಪೆ ದಾಟಿ ಬಂದಳು. ಕಿವಿಯ ಬಳಿಯ ಕೂದಲು ಆಗಲೇ ಗಾಳಿಯಲ್ಲಿ ತೇಲುತ್ತಿತ್ತು. ಗಂಗಾಧರಸ್ವಾಮಿ ಸಂಕೋಚದಿಂದ ಲೋಟಕ್ಕೆ ಕೈ ಚಾಚಿದ. ಬೆರಳು ತಾಗುವ ಮೊದಲೇ ಚಟ್ ಎಂದು ಕಿಡಿ ಹಾರಿತು. ಅವನು ಬೆಚ್ಚಿ ಕೈ ಹಿಂತೆಗೆದ, ಲೋಟ ಉರುಳಿ ಕಾಫಿಯೆಲ್ಲ ಅವನ ಬಿಳಿ ಅಂಗಿಯ ಮೇಲಾಯಿತು.

ಗೌರಿಗೆ ಮೊದಲು ಗಾಬರಿಯಾಯಿತು, ಆಮೇಲೆ ತಡೆಯಲಾರದಷ್ಟು ನಗು. ಅವಳು ನಕ್ಕ ರಭಸಕ್ಕೆ ಪಿನ್ನುಗಳು ಸಡಿಲಿ ಚೌರಿ ಜಾರಿ ಮರಿತಾಯಮ್ಮನ ಕಾಲ ಬಳಿ ಬಿತ್ತು. ಉಳಿದ ಕೂದಲು ಬಿಡುಗಡೆಯಾದಂತೆ ಸುತ್ತಲೂ ಎದ್ದು ನಿಂತಿತು. ಮಂಗಳಮ್ಮ ಅಡುಗೆಮನೆಯ ಬಾಗಿಲು ಹಿಡಿದುಕೊಂಡರು.

ಗೌರಿ ನಗು ನಿಲ್ಲಿಸಿದಳು. ಮುಚ್ಚುಮರೆ ಸಾಕೆನಿಸಿತು. "ಅದು ಚೌರಿ ಕಣಮ್ಮ. ಕಾಯ್ಲ ಬಂದು ಕೂದ್ಲೆಲ್ಲ ಉದುರೋಗಿತ್ತು. ನಂದು ಅಂತ ಇರೋದು ಇಷ್ಟೇಯ" ಎಂದಳು.

ಗಂಗಾಧರಸ್ವಾಮಿ ಅಂಗಿ ಒರೆಸಿಕೊಳ್ಳುತ್ತಲೇ ಮೆಲ್ಲಗೆ ಹೇಳಿದ: "ದಿನಾ ಕಂಬ ಅತ್ತಿ ಇಳೀತೀನಿ. ಒಂದು ದಿನಾನೂ ಶಾಕ್ ಒಡೆದಿರ್ನಿಲ್ಲ."

ಗೌರಿಯ ಅಪ್ಪ ರಾಚಯ್ಯ ಕೆಮ್ಮುವ ನೆಪದಲ್ಲಿ ನಕ್ಕರು. ಮರಿತಾಯಮ್ಮ ನಗಲಿಲ್ಲ. ಚೌರಿಯನ್ನೆತ್ತಿ, ಧೂಳು ಕೊಡವಿ, ಮಡಿಸಿ ಪಕ್ಕಕ್ಕಿಟ್ಟರು. ಒಂದು ಚೊಂಬು ನೀರು ಕೇಳಿದರು. ಕುಡಿಯಲೆಂದುಕೊಂಡು ಮಂಗಳಮ್ಮ ಓಡಿ ತಂದರು. ಮರಿತಾಯಮ್ಮ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ಎರಡೂ ಕೈ ಉಜ್ಜಿದರು.

"ಬಾ ಮಗ, ಇಲ್ಲಿ ಕೂತ್ಕೊ."

ಗೌರಿ ಅವರ ಮುಂದೆ ಬೆನ್ನು ಮಾಡಿ ಕೂತಳು. ಒದ್ದೆ ಅಂಗೈಗಳು ನೆತ್ತಿಯಿಂದ ಕೆಳಕ್ಕೆ ನಿಧಾನವಾಗಿ ಸವರುತ್ತ ಹೋದಂತೆ ಕೂದಲು ತಣ್ಣಗೆ ಮಲಗಿತು. ಎಲೆಅಡಿಕೆ ಚೀಲದಿಂದ ಒಂದು ಮರದ ಬಾಚಣಿಗೆ ಹೊರಬಂತು. ತುದಿಯಿಂದ ಶುರುಮಾಡಿ ಸಿಕ್ಕು ಬಿಡಿಸುತ್ತ ಮರಿತಾಯಮ್ಮ ತಮ್ಮ ತಲೆಯ ಸೆರಗು ಸರಿಸಿದರು. ಅಲ್ಲಿಯೂ ತೆಳ್ಳನೆಯ ಬಿಳಿಗೂದಲು ಹಾರಾಡುತ್ತಿತ್ತು.

"ನಂದೂ ಇಂಗೇಯ, ಒಣಗಾಳಿಗೆ ಎದ್ದು ನಿಂತ್ಕತದೆ. ನಮ್ಮವ್ವಂದೂ ಇಂಗೇ ಇತ್ತು" ಎಂದರು. ಬೆರಳಿನಷ್ಟು ಸಣ್ಣ ಜಡೆ ಹೆಣೆದು ಮುಗಿಸಿ ಮಂಗಳಮ್ಮನ ಕಡೆ ತಿರುಗಿದರು. "ಊವ ತನ್ನಿ. ಮುಡಿಸ್ಬುಟ್ಟೇ ಓಯ್ತೀನಿ."

ಮಂಗಳಮ್ಮನಿಗೆ ಆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಹೂವಿನ ಬದಲು ಅಕ್ಕಿ ಮೊರ ಎತ್ತಿಕೊಂಡು ಬಂದರು.

ಮದುವೆಯಾಗಿ ನರಸೀಪುರಕ್ಕೆ ಹೋದ ಮೇಲೆ ಅತ್ತೆ ಸೊಸೆ ಮಧ್ಯಾಹ್ನ ಜಗಲಿಯಲ್ಲಿ ಒಬ್ಬರ ತಲೆ ಒಬ್ಬರು ಬಾಚುವುದು ರೂಢಿಯಾಯಿತು. ಮರಿತಾಯಮ್ಮ ಜೋರೇನೋ ಹೌದು. ಆದರೆ ಬಾಚುವಾಗ ಆ ಕೈ ಬಹಳ ಹಗುರವೆಂದು ಗೌರಿ ಅವ್ವನಿಗೆ ಹೇಳಿಕೊಂಡಳು. ಎರಡು ವರ್ಷಕ್ಕೆ ಅರ್ಪಿತ ಹುಟ್ಟಿದಳು. ಕೂಸಿನ ಟೋಪಿ ತೆಗೆದ ದಿನವೇ ಕೂದಲು ನೆಟ್ಟಗೆ ನಿಂತದ್ದು ಕಂಡು ಮನೆಮಂದಿಯೆಲ್ಲ ಹಿಗ್ಗಿದರು.

ಅರ್ಪಿತ ಶಾಲೆಗೆ ಸೇರಿದ ಮೇಲೆ ಮನೆಗೆ ಬಣ್ಣದ ಟಿವಿ ಬಂತು. ಗಾಜಿನ ಹತ್ತಿರ ತಲೆಯೊಡ್ಡಿದರೆ ಕೂದಲು ಅತ್ತ ಎದ್ದು ಹೋಗುತ್ತದೆಂದು ಅವಳೇ ಕಂಡುಹಿಡಿದಳು. ಹೇಗಿರುತ್ತದೋ ನೋಡೋಣವೆಂದು ಮರಿತಾಯಮ್ಮನೂ ಪಕ್ಕದಲ್ಲಿ ಬಗ್ಗಿದರು. ಅದೇ ಹೊತ್ತಿಗೆ ಕೆಲಸದಿಂದ ಬಂದ ಗಂಗಾಧರಸ್ವಾಮಿ ಬಾಗಿಲಲ್ಲೇ ನಿಂತುಬಿಟ್ಟ. ದೊಡ್ಡಮ್ಮನ ಬಿಳಿಗೂದಲು, ಮಗಳ ಕರಿಗೂದಲು ಎರಡೂ ಟಿವಿಗೆ ಅಂಟಿದ್ದವು. ಕರೆಂಟ್ ಸೋರುತ್ತಿದೆಯೆಂದು ಹೌಹಾರಿ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ. ಕತ್ತಲಾದ ಟಿವಿಯ ಮುಂದೆ ಮರಿತಾಯಮ್ಮ ಅವನಿಗೆ ಬೈದ ಬೈಗುಳ ಪಕ್ಕದ ಬೀದಿಯವರೆಗೂ ಕೇಳಿತಂತೆ. ಗೌರಿ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತಳು.

ಅದೇ ವರ್ಷ ಅರ್ಪಿತಳ ಶಾಲೆಯ ವಾರ್ಷಿಕೋತ್ಸವಕ್ಕೆ ನೃತ್ಯದ ಹುಡುಗಿಯರಿಗೆ ಮಿರಿಮಿರಿ ಮಿಂಚುವ ಬಟ್ಟೆ ಹೊಲಿದವಳು ಗೌರಿಯೇ. ತಲೆಯ ಮೇಲಿಂದ ಆ ಬಟ್ಟೆ ಎಳೆದುಕೊಂಡಿದ್ದೇ ತಡ, ಅಷ್ಟೂ ಹುಡುಗಿಯರ ಕೂದಲು ಎದ್ದಿತು. ಕುಣಿಯುವ ಮುನ್ನವೇ ಕೆಲವರಿಗೆ ಅಳು. ಗೌರಿ ನೀರಿನ ಬಕೆಟ್ ತರಿಸಿಕೊಂಡು ಒಬ್ಬೊಬ್ಬರನ್ನೇ ಮುಂದೆ ಕೂರಿಸಿ ಅಂಗೈ ಒದ್ದೆ ಮಾಡಿಕೊಂಡಳು. ತಾನು ಚೌರಿ ಬೀಳಿಸಿಕೊಂಡ ಕಥೆ ಹೇಳುತ್ತ ಸವರಿದಳು. ವೇದಿಕೆ ಹತ್ತುವಾಗ ಹುಡುಗಿಯರು ಇನ್ನೂ ನಗುತ್ತಿದ್ದರು.

ಆಮೇಲೆ ಬೀದಿಯ ಹುಡುಗಿಯರು ಜಡೆಗೆ ಕಟ್ಟುವ ಟೇಪು ಹಿಡಿದುಕೊಂಡು, ತಲೆ ಬಾಚಿಸಿಕೊಳ್ಳಲು ಬೆಳಿಗ್ಗೆಯೇ ಬರತೊಡಗಿದರು. ಚಿಕ್ಕವರು ಮರಿತಾಯಮ್ಮನ ಪಾಲು, ದೊಡ್ಡವರು ಗೌರಿಯ ಪಾಲು. ಶಾಲೆಗೆ ಹೋಗುವ ಬಸ್ಸಿನ ಹಾರನ್ ಕೇಳುವ ಹೊತ್ತಿಗೆ ಯಾರದಾದರೂ ಒಂದು ಜಡೆ ಬಾಕಿ ಇದ್ದೇ ಇರುತ್ತಿತ್ತು. ಆಗ ಗೌರಿ ಟೇಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆ ಹುಡುಗಿಯ ಹಿಂದೆ ಹಿಂದೆಯೇ, ಹೆಣೆಯುತ್ತ ಹೆಣೆಯುತ್ತ ಬಸ್ ಸ್ಟಾಪಿನವರೆಗೂ ಓಡುತ್ತಿದ್ದಳು.