ಬಾಗಿಲಿಗೆ ಹೊಡೆದ ಓರೆಪಟ್ಟಿ

ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ ನಾನು ಗಣಿತದ ಟೀಚರ್. ಒಂಟಿ ಹೆಂಗಸು, ಒಂದೇ ಕೋಣೆಯ ಬಾಡಿಗೆ ಮನೆ. ಅದರ ಬಾಗಿಲೋ, ದರಿದ್ರದ್ದು! ಉದ್ದ ಹಲಗೆಗಳಿಗೆ ಮೇಲೊಂದು ಕೆಳಗೊಂದು ಅಡ್ಡಪಟ್ಟಿ ಹೊಡೆದದ್ದು. ವಾಲಿ ವಾಲಿ ಅದರ ಮೂಲೆ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ನಾನು ಒಳಗಿಂದ ಎಳೆಯಬೇಕು, ಹೊರಗಿಂದ ಇನ್ನೊಬ್ಬರು ಎತ್ತಿ ನೂಕಬೇಕು.

ಆ ಇನ್ನೊಬ್ಬರು ಪಕ್ಕದ ಮನೆಯ ಅಕ್ಕ. ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. "ಏನ್ ಟೀಚರಮ್ಮ, ಎತ್ಲಾ?" ಎನ್ನುತ್ತಾ ಭುಜ ಕೊಡುತ್ತಿದ್ದಳು. ಬಾಗಿಲು ತೆರೆದ ಮೇಲೆ ಅಲ್ಲೇ ಕುಳಿತು ಎಲೆಅಡಿಕೆ ಜಗಿಯುತ್ತಾ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಸ್ಕೂಲಿಗೆ ಹೊತ್ತಾಯಿತೆಂದು ಸಿಡಿಮಿಡಿಗುಟ್ಟುತ್ತಿದ್ದೆ.

ಒಂದು ದಿನ ತರಗತಿಯಲ್ಲಿ ಕಡ್ಡಿಗಳನ್ನು ದಾರದಿಂದ ಕಟ್ಟಿ ತೋರಿಸುತ್ತಿದ್ದೆ. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಭುಜ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಚೌಕದ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದರೆ ಎರಡು ತ್ರಿಭುಜವಾಗಿ ಅದೂ ಗಟ್ಟಿ. ಹೇಳುತ್ತಿದ್ದಂತೆಯೇ ಮನೆಯ ಬಾಗಿಲು ನೆನಪಾಯಿತು. ಭಾನುವಾರ ಅದನ್ನು ಎತ್ತಿ, ಕೆಳಗೆ ಇಟ್ಟಿಗೆ ಚೂರು ಕೊಟ್ಟು, ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹೊಡೆದೆ. ಮಾರನೆಯ ದಿನ ಬಾಗಿಲು ಬೆರಳಲ್ಲಿ ಎಳೆದರೆ ತೆರೆಯಿತು. ಎಷ್ಟು ಬೀಗಿದೆ ಅಂತೀರಿ!

ಅಂದಿನಿಂದ ಅಕ್ಕ ಬರಲಿಲ್ಲ. ಸ್ಕೂಲು ಬಿಟ್ಟು ಬಂದರೆ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಅಷ್ಟೊಂದು ಒಂಟಿ ನಾನು ಎಂದು ಆಗಲೇ ಗೊತ್ತಾದದ್ದು. ಕೊನೆಗೆ ಬಾವಿಯ ಹತ್ತಿರ ಸಿಕ್ಕಾಗ ಕೇಳಿಯೇ ಬಿಟ್ಟೆ.

"ಯಾಕಕ್ಕ, ಬರ್ಲೇ ಇಲ್ಲ?"

"ಬಾಗ್ಲು ಸರಿ ಆತಲ್ಲ ಟೀಚರಮ್ಮ. ಕೆಲ್ಸ ಇಲ್ದೆ ಓದಿದೋರ ಮನಿಗೆ ಹೆಂಗ್ ಬರ್ಲಿ?"

ಸುಮ್ಮನೆ ಬಾ ಅನ್ನಲು ನನ್ನ ಹಾಳು ಬಿಂಕ ಬಿಡಲಿಲ್ಲ. ಸಂಜೆ ಮೊಳೆ ಕಿತ್ತು ಓರೆಪಟ್ಟಿಯನ್ನು ಒಲೆಗೆ ಹಾಕಿದೆ. ಒಂದೇ ರಾತ್ರಿಗೆ ಎಲ್ಲಿ ವಾಲೀತು? ಬೆಳಿಗ್ಗೆ ನೋಡಿದರೆ ಆ ಬಾಗಿಲು ವಾಲಿಯೇ ಇಲ್ಲ! ನೆಟ್ಟಗೆ ನಿಂತಿದೆ. ಆದರೂ ಅಗುಳಿ ತೆಗೆದು ಒಳಗಿಂದಲೇ ಕೂಗಿದೆ: "ಅಕ್ಕ, ಬಾಗ್ಲು ಕಚ್ಕೊಂಡೈತೆ, ಬರ್ರಿ!"

ಓಡಿ ಬಂದು ಭುಜ ಕೊಟ್ಟಳು. ಬಾಗಿಲು ಸರಕ್ಕನೆ ತೆರೆದುಕೊಂಡಿತು, ಅವಳು ಮುಗ್ಗರಿಸಿ ಒಳಗೇ ಬಂದಳು. ಮೊಳೆ ಕಿತ್ತ ತೂತುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ನನಗೆ ಅಳು ಬಂತು.

ಅವಳು ಅಲ್ಲೇ ಕುಳಿತು ಎಲೆಅಡಿಕೆ ಚೀಲ ಬಿಚ್ಚಿದಳು.

"ಭಾಳ ಬಿಗಿ ಐತಮ್ಮ ನಿನ್ ಬಾಗ್ಲು," ಅಂದಳು. "ನಾಳಿಗೂ ಬರ್ತೀನಿ."